ಎಣ್ಣೆ ಬಿಟ್ಟ ಹೆಬ್ಬೆರಳು

ಜನ ಗೋವಾಕ್ಕೆ ಬಂದು ಸಮುದ್ರ ನೋಡುತ್ತಾರೆ. ಹನ್ನೆರಡು ವರ್ಷದಿಂದ ಝುವಾರಿನಗರದಲ್ಲೇ ಇರುವ ನಾನು ಒಂದು ಬೆಳಿಗ್ಗೆ ನನ್ನ ಹೊಟ್ಟೆ ನೋಡಿಕೊಂಡೆ. ಅದೂ ಅಷ್ಟೇ ವಿಶಾಲವಾಗಿತ್ತು! ಕೂಡಲೇ ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿ ಆಹಾರ ತಜ್ಞನಾದೆ. ಎಲ್ಲ ರೋಗಕ್ಕೂ ಕೊಬ್ಬೇ ಮೂಲ ಎಂದು ತೀರ್ಮಾನಿಸಲು ನಾಲ್ಕನೆಯ ವಿಡಿಯೋ ಬೇಕಾಗಲಿಲ್ಲ.

ನಮ್ಮ ಒಂದೂವರೆ ಕೋಣೆಯ ವ್ಯಾಪ್ತಿಯಲ್ಲಿ ಎಣ್ಣೆ, ಶೇಂಗಾ, ಬಂಗಡೆ ಮೀನು ಇತ್ಯಾದಿಗಳ ಪ್ರವೇಶವನ್ನು ನಿಷೇಧಿಸಲಾಯಿತು.

“ಅಗಸಿ ಹಿಂಡಿ ಏನ್ ಪಾಪ ಮಾಡೇತ್ರಿ?” ಎಂದಳು ನನ್ನ ಹೆಂಡತಿ ಸಾವಿತ್ರಿ.

“ಅಗಸಿಯೊಳಗ ಎಣ್ಣಿ ಐತಿ. ಎಣ್ಣಿ ಅಂದ್ರ ಕೊಬ್ಬು.”

“ಚಲೋ ಕೊಬ್ಬೂ ಇರ್ತೈತಂತ್ರಿ.”

“ನಿನಗ ಯಾರ್ ಹೇಳಿದ್ರು? ನೀ ವಿಡಿಯೋ ನೋಡಿಯೇನು?”

ಆ ಚಟ್ನಿಪುಡಿಯ ಡಬ್ಬಿಯನ್ನು ನಾನು ದುಡಿಯುವ ಗೋದಾಮಿನ ಗೇಟು ಕಾಯುವ ರಫೀಕನಿಗೆ ದಾನ ಮಾಡಿದೆ.

ಮೂರು ತಿಂಗಳು ಬೇಯಿಸಿದ ಸೋರೆಕಾಯಿ, ಒಣ ರೊಟ್ಟಿ, ಹಸಿವಾದರೆ ಕೊಬ್ಬಿಲ್ಲದ ಸಿಹಿ ಬಿಸ್ಕತ್ತು. ಮೈ ಒಣಗಿ ಬಿಳಿ ಪುಡಿ ಉದುರತೊಡಗಿತು. ಬೆರಳ ತುದಿಗಳು ಸಿಪ್ಪೆ ಎದ್ದವು. ಒಳಗಿನ ವಿಷ ಹೊರಗೆ ಬರುತ್ತಿದೆ ಎಂದು ಸಾವಿತ್ರಿಗೆ ವಿವರಿಸಿದೆ. ಅವಳು ಆ ವಿಷವನ್ನು ದಿನಕ್ಕೆರಡು ಸಲ ಗುಡಿಸಿದಳು.

ಒಂದು ಸೋಮವಾರ ಗೋದಾಮಿನ ಹಾಜರಿ ಯಂತ್ರದ ಮೇಲೆ ಹೆಬ್ಬೆರಳು ಇಟ್ಟೆ. ಯಂತ್ರದೊಳಗಿನ ಹೆಂಗಸು “ಫಿರ್ ಸೇ ಕೋಶಿಶ್ ಕರೇಂ” ಎಂದಳು. ಮತ್ತೆ ಪ್ರಯತ್ನಿಸಬೇಕಂತೆ, ಕೋಶಿಶ್ ಮಾಡಿದೆ. ಹನ್ನೊಂದು ಸಲ!

ರಫೀಕ್ ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. “ಅಣ್ಣಾ, ನಿನ್ನ ಹೆಬ್ಬಟ್ಟಿನ್ಯಾಗ ಗೆರಿನ ಇಲ್ಲಲ್ಲೋ.”

ಮೂರು ದಿನ ಹಾಜರಿ ಬೀಳದಿದ್ದರೆ ಗುತ್ತಿಗೆದಾರರು ಬೇರೆಯವನನ್ನು ಇಟ್ಟುಕೊಳ್ಳುತ್ತಾರೆ. ಮಂಗಳವಾರವೂ ಅದೇ ಕಥೆ. ಬುಧವಾರ ಉಪಾಯ ಹೊಳೆಯಿತು. ಬಾಯಿಗೆ ನಿಷೇಧವಿದ್ದ ಎಣ್ಣೆಗೆ ಬೆರಳಿನಲ್ಲಿ ವಿಶೇಷ ಪರವಾನಗಿ ಕೊಟ್ಟು, ಧಾರಾಳವಾಗಿ ಕೊಬ್ಬರಿ ಎಣ್ಣೆ ಬಳಿದುಕೊಂಡು ಒತ್ತಿದೆ. ಯಂತ್ರದ ಗಾಜು ಮಬ್ಬಾಯಿತು. ಈಗ ಅದು ಯಾರನ್ನೂ ಗುರುತಿಸದು. ನನ್ನ ಹಿಂದೆ ನಲವತ್ತು ಜನ ನಿಂತಿದ್ದರು. ಅವರು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮೇಲ್ವಿಚಾರಕರು ನನ್ನನ್ನು ಸೀದಾ ಡಾಕ್ಟರರ ಬಳಿ ಅಟ್ಟಿದರು. ಡಾಕ್ಟರಮ್ಮ ನನ್ನ ಆಹಾರ ಸಂಶೋಧನೆಯನ್ನು ಪೂರ್ತಿ ಕೇಳಿಸಿಕೊಂಡರು. ಕೆಲವು ಕೊಬ್ಬಿನಾಮ್ಲಗಳನ್ನು ಶರೀರ ತಾನೇ ತಯಾರಿಸಿಕೊಳ್ಳಲಾರದು, ಅವು ಊಟದಿಂದಲೇ ಬರಬೇಕು, ಚರ್ಮ ಕಾಯುವುದೂ ಅವೇ, ಎಲ್ಲವನ್ನೂ ಬಿಟ್ಟರೆ ಹೀಗೂ ಆಗುತ್ತದೆ ಎಂದರು. ಅಗಸೆ, ಶೇಂಗಾ, ಬಂಗಡೆ ಎಂದು ಚೀಟಿ ಬರೆದು ತೂಕದ ಯಂತ್ರ ಹತ್ತಿಸಿದರು. ಬಿಸ್ಕತ್ತಿನ ಕೃಪೆಯಿಂದ ಎರಡು ಕಿಲೋ ಹೆಚ್ಚಾಗಿದ್ದೆ. ಮೂರು ತಿಂಗಳ ತಪಸ್ಸಿನಲ್ಲಿ ಸವೆದದ್ದು ಹೆಬ್ಬೆರಳೊಂದೇ!

ಚೀಟಿ ನೋಡಿದ ಮೇಲ್ವಿಚಾರಕರು ಕರಗಿದರು. ಚರ್ಮ ಬರುವವರೆಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡಬಹುದು. ಆದರೆ ನಾನು ನಾನೇ ಎಂದು ಮನೆಯವರು ಬರೆದುಕೊಡಬೇಕು. ಇಲ್ಲದಿದ್ದರೆ ಕೆಲಸವಿಲ್ಲ.

ಸಾವಿತ್ರಿ ಪೆನ್ನು ಹಿಡಿದು ನನ್ನನ್ನೇ ಬಹಳ ಹೊತ್ತು ನೋಡಿದಳು.

“ಬರೀ ಮಾರಾಯ್ತಿ, ಕೆಲಸ ಹೋಗ್ತೈತಿ,” ಎಂದು ಬೇಡಿಕೊಂಡೆ.

ಬರೆದಳು. ಮೇಲ್ವಿಚಾರಕರಿಗೆ ಕನ್ನಡ ಬಾರದೆಂದು ಗುರುವಾರ ರಫೀಕ್ ಅದನ್ನು ಸಾಲಿನಲ್ಲಿದ್ದ ನಲವತ್ತೂ ಜನರಿಗೆ ಕೇಳುವಂತೆ ಹಿಂದಿಯಲ್ಲಿ ಓದಿದ. “ಇವರು ನನ್ನ ಗಂಡ. ಹೆಬ್ಬೆರಳು ಇವರದೇ. ತಲೆಗೆ ಮಾತ್ರ ನಾನು ಜವಾಬ್ದಾರಳಲ್ಲ.”

ಕೆಲಸ ಉಳಿಯಿತು. ಈಗ ಆ ಗೇಟಿನಲ್ಲಿ ನನ್ನನ್ನು ಗುರುತಿಸದವರು ಯಾರೂ ಇಲ್ಲ, ಆ ಯಂತ್ರವೊಂದನ್ನು ಬಿಟ್ಟು.