ಒಂದನೇ ಗೇರಿನ ಹಾಜರಿ

ಭೂಮಂಡಲದಲ್ಲಿ ಸೈಕಲ್ಲಿಗೆ ಎಣ್ಣೆಸ್ನಾನ ಮಾಡಿಸಿದವರು ಒಬ್ಬರೇ ಒಬ್ಬರು, ಅವರು ನಮ್ಮ ಸೋದರತ್ತೆ! ಹೀಗೆ ಘಂಟಾಘೋಷವಾಗಿ ಬರೆದ ಮರುಕ್ಷಣವೇ ನನಗೆ ಅನುಮಾನ ಶುರುವಾಗುತ್ತದೆ. ಭೂಮಂಡಲವನ್ನೆಲ್ಲ ನಾನು ನೋಡಿದ್ದೇನೆಯೇ? ಇಲ್ಲ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ನಾನು ಸಂಪಾದಿಸಿದ್ದು ಇದೊಂದೇ: ಕಂಡದ್ದನ್ನೂ ನಂಬಬಾರದು, ಕಂಡೆನೆಂಬ ನೆನಪನ್ನಂತೂ ಮೊದಲೇ ನಂಬಬಾರದು. ಅತ್ತೆ ಸೈಕಲ್ ಕಲಿತದ್ದು ಜಗಳೂರಿನಲ್ಲಿ ಎಂದು ನಾನು ಹತ್ತು ಜನರ ಮುಂದೆ ಹೇಳಿದ್ದೆ. "ಬಿಳಿಚೋಡಲ್ಲಿ ಕಣೋ, ನಮ್ಮನೆ ಮುಂದೇನೇ. ನೀನಿನ್ನೂ ಹುಟ್ಟಿರ್ಲಿಲ್ಲ. ಹುಟ್ಟದೇ ಇದ್ದೋನಿಗೆ ಜಗಳೂರು ಹೆಂಗೆ ಕಾಣ್ತು?" ಎಂದು ಅವರು ಕೇಳಿದ ಮೇಲೆ ಸಾಕ್ಷಿಯಿಲ್ಲದೆ ಮಾತಾಡುವುದನ್ನು ಬಿಟ್ಟಿದ್ದೇನೆ.

ಮದುವೆಯಾಗಿ ಚನ್ನಗಿರಿಗೆ ಬಂದ ಅತ್ತೆ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕದ ಮೇಡಂ ಆಗಿ, ಊರಿನ ಅರ್ಧ ಜನರ ಕಿವಿ ಹಿಂಡಿ ನಿವೃತ್ತರಾದರು. ಮಾವ ತೀರಿಕೊಂಡು ವರ್ಷ ಕಳೆದ ಮೇಲೆ, ಹೊನ್ನಾಳಿಯ ಗೆಳತಿಯ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಏಳು ಗೇರಿನ ಸೈಕಲ್ಲೊಂದನ್ನು ಹೊಡೆದುಕೊಂಡು ಬಂದರು. ಎರಡು ಚೂಡಿದಾರ ಹೊಲಿಸಿದರು. ಅರವತ್ತು ದಾಟಿದ ಹೆಂಗಸು ಗೇರ್ ಸೈಕಲ್ ಹತ್ತಿ ಪೇಟೆಬೀದಿಯಲ್ಲಿ ಹೊರಟರೆ ಊರು ಸುಮ್ಮನಿರುತ್ತದೆಯೇ? ಸುಮ್ಮನಿತ್ತು! ಊರಿನ ಅರ್ಧ ಕಿವಿಗಳು ಅವರ ಕೈಯಲ್ಲಿ ಪಳಗಿದ್ದವಲ್ಲ!

ಸುಮ್ಮನಿರದವನು ಅವರ ಮಗ. ಒಂದು ಭಾನುವಾರ ಅತ್ತೆ ಸೂಳೆಕೆರೆಗೆ ಹೊರಟು, ಕೆರೆಯ ಏರಿಗೆ ಹತ್ತುವ ರಸ್ತೆಯಲ್ಲಿ ಚೈನು ಕಳಚಿ ಬಲಮಗ್ಗುಲಿಗೆ ಬಿದ್ದರು. ಮೊಣಕೈ ತರಚಿತು, ಅಷ್ಟೆ. ಆದರೆ ದಾವಣಗೆರೆಯ ಆಫೀಸಿನಲ್ಲಿ ಕೂತ ಮಗನಿಗೆ ಸುದ್ದಿ ತಲುಪುವ ಹೊತ್ತಿಗೆ ಅವರ ಮೈಯಲ್ಲಿ ಮುರಿಯದ ಮೂಳೆ ಇರಲಿಲ್ಲ! ಅವನು ಓಡಿಬಂದು ತೀರ್ಪು ಕೊಟ್ಟ: "ನೋಡವ್ವಾ, ಒಂದು ವಾರ ಟೈಮು. ರಿಪೇರಿ ಮಾಡ್ಕೊಂಡು ಅದೇ ಏರು ಹತ್ತಿ ತೋರ್ಸು. ಚೈನ್ ಬಿತ್ತೋ, ಸೈಕಲ್ ಗುಜರಿಗೆ." ಸಾಕ್ಷಿಯಾಗಿ ನನ್ನನ್ನು ನೇಮಿಸಿದ.

"ಇವ್ನನ್ನ?" ಎಂದರು ಅತ್ತೆ. "ಬೆಳಿಗ್ಗೆ ತಿಂದಿದ್ದು ಮಧ್ಯಾಹ್ನಕ್ಕೆ ನೆನಪಿರಲ್ಲ ಇವ್ನಿಗೆ."

"ಅದಕ್ಕೇ ಇವ್ನು. ಸುಳ್ಳು ಹೇಳಾಕೂ ಜ್ಞಾಪಕಶಕ್ತಿ ಬೇಕು!"

ಅತ್ತೆ ಮೊದಲು ಹೋದದ್ದು ಸೈಕಲ್ ಶಾಪಿಗೆ. ಅಲ್ಲಿದ್ದವನು ಅವರದೇ ಹಳೆಯ ವಿದ್ಯಾರ್ಥಿ. "ಮೇಡಂ, ಗೇರ್ ಯಾಕೆ ಬೇಕ್ರಿ? ಒಂದಕ್ಕೇ ಫಿಕ್ಸ್ ಮಾಡಿ ಬಿಡ್ತೀನಿ. ನ್ಯಾಮತಿ, ಹೊನ್ನಾಳಿ ಎಲ್ಲಾ ಕಡೆ ಹಂಗೇ ಮಾಡೋದು. ತಲೆನೋವಿಲ್ಲ," ಎಂದ.

"ಏಳು ಹುಡುಗರು ಇರೋ ಕ್ಲಾಸಲ್ಲಿ ಆರು ಜನಾನ ಹೊರಗೆ ನಿಲ್ಲಿಸಿ ಒಬ್ಬನಿಗೇ ಪಾಠ ಮಾಡಿದ್ದಿದ್ರೆ ನೀನು ಪಾಸಾಗ್ತಿದ್ದೇನೋ?"

ಅವನ ಕೈ ತಾನಾಗಿಯೇ ಕಿವಿಗೆ ಹೋಯಿತು. ಅತ್ತೆ ಸೈಕಲ್ ತಿರುಗಿಸಿಕೊಂಡು ಮನೆಗೆ ಬಂದರು. ನಡುಮನೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿಗಳಿವೆ. ಹಳೆಯ ಸೀರೆಯಿಂದ ಸೈಕಲ್ಲನ್ನು ಅವಕ್ಕೆ ತೂಗುಹಾಕಿದರು. ಹಿಂದಿನ ಚಕ್ರ ಗಾಳಿಯಲ್ಲಿ, ಪೆಡಲು ಕೈಗೆ ಸಿಗುವಂತೆ. ಇದಕ್ಕಿಂತ ಒಳ್ಳೆಯ ವರ್ಕ್‌ಶಾಪ್ ಎಲ್ಲಿದೆ ಹೇಳಿ? ಲಗ್ನಪತ್ರಿಕೆ ಕೊಡಲು ಬಂದ ಪಕ್ಕದ ಬೀದಿಯ ಹೆಂಗಸು ಬಾಗಿಲಲ್ಲೇ ಕಕ್ಕಾಬಿಕ್ಕಿಯಾಗಿ, "ಏನ್ರೀ ಮೇಡಂ, ತೊಟ್ಟಿಲು ಕಟ್ಟೀರಿ? ಏನು ಮಗು?" ಎಂದರು.

"ಗಂಡೋ ಹೆಣ್ಣೋ ಗೊತ್ತಿಲ್ಲ ಕಣ್ರೀ. ರಚ್ಚೆ ಮಾತ್ರ ಭಾಳ. ಬರ್ರಿ, ಒಂಚೂರು ಪೆಡಲ್ ತಿರುಗಿಸ್ರಿ!" ಪಾಪ, ಆಕೆ ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಕಾಲು ಗಂಟೆ ಪೆಡಲ್ ತಿರುಗಿಸಿ ಹೋದರು.

ಗೋಡೆಗೆ ಒಂದು ಸ್ಲೇಟು ನೇತುಹಾಕಿ ಅತ್ತೆ ಗೇರುಗಳ ಹಾಜರಿ ಶುರುಮಾಡಿದರು. ಹಿಂದಿನ ಚಕ್ರದಲ್ಲಿ ಸಣ್ಣದರಿಂದ ದೊಡ್ಡದಕ್ಕೆ ಏಳು ಹಲ್ಲುಚಕ್ರಗಳು. ಎಲ್ಲಕ್ಕಿಂತ ದೊಡ್ಡದು ಒಂದನೇ ಗೇರು; ಏರು ಹತ್ತಲು ಬೇಕಾದದ್ದು ಅದೇ. "ಏಳು? ಹಾಜರ್. ಆರು? ಹಾಜರ್. ಮೂರು? ತಡವಾಗಿ ಬಂತು. ಎರಡು? ಬಂದು ಓಡಿಹೋಯ್ತು. ಒಂದು? ಗೈರು!"

ರೋಗ ಏನಿರಬಹುದು? ಕೊಳೆ ಎಂಬುದು ಅತ್ತೆಯ ಮೊದಲ ಅನುಮಾನ. ಚೈನನ್ನು ಬಿಚ್ಚಿ ಸೀಗೆಕಾಯಿಯಲ್ಲಿ ತಿಕ್ಕಿದರು. ನಂಬಿದರೆ ನಂಬಿ, ಅದು ಬೆಳ್ಳಿಯ ಉಡಿದಾರದಂತೆ ಹೊಳೆಯಿತು! ನನ್ನ ವಿಜ್ಞಾನ ಅಲ್ಲಿಗೇ ಅರ್ಧ ಶರಣಾಯಿತು. ಆದರೆ ತಲೆಸ್ನಾನದ ಗುಂಗಿನಲ್ಲಿದ್ದ ಅತ್ತೆ ಮುಂದುವರಿದು ಹರಳೆಣ್ಣೆಯನ್ನೂ ಹಚ್ಚಿಬಿಟ್ಟರು. ಬೀದಿಯಲ್ಲಿ ಎರಡು ಸುತ್ತು ಹೊಡೆದು ಬರುವಷ್ಟರಲ್ಲಿ ಚನ್ನಗಿರಿಯ ಧೂಳೆಲ್ಲ ಅಂಟಿಕೊಂಡು ಚೈನು ಎಳ್ಳಿನ ಚಿಗಳಿ ಉಂಡೆಯಾಗಿತ್ತು. ಅತ್ತೆ ಅದನ್ನು ದಿಟ್ಟಿಸಿ ನೋಡಿ, "ತಲೆಗೆ ಒಳ್ಳೇದು, ಚೈನಿಗಲ್ಲ" ಎಂದು ಸ್ಲೇಟಿನ ಮೇಲೆ ಬರೆದಿಟ್ಟರು. ಮತ್ತೆ ಸೀಗೆಕಾಯಿ. ಈ ಸಲ ಹೊಲಿಗೆ ಮಿಷನ್ನಿನ ಎಣ್ಣೆ, ಕೊಂಡಿಗೊಂದೇ ತೊಟ್ಟು.

ಎರಡನೇ ಅನುಮಾನ, ಗೇರಿನ ತಂತಿ ಸಡಿಲವೆಂದು. ಅದನ್ನು ಬಿಗಿ ಮಾಡುವ ಸಣ್ಣ ತಿರುಪು ಹಿಂದುಗಡೆ ಇರುತ್ತದೆ. ಅತ್ತೆ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟರು. ಪೂಜೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಹುಬ್ಬೇರಿಸಿದೆ.

"ಎಲ್ಲಿಂದ ತಿರುಗಿಸಿದೆ ಅಂತ ಗೊತ್ತಾಗೋದು ಬ್ಯಾಡ್ವೇನೋ? ತಿರುಗಿಸಿ ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಬೊಟ್ಟು ಇದ್ದ ಕಡೀಗೆ ವಾಪಸ್. ಇಷ್ಟು ಓದಿದೀಯ, ನೆನಪನ್ನ ನಂಬಬಾರ್ದು ಅಂತ ನೀನೇ ಹೇಳ್ತೀಯ!"

ಐದು ವರ್ಷ ಪ್ರಯೋಗಾಲಯದಲ್ಲಿ ಕಳೆದ ನನಗೆ ಈ ಬೊಟ್ಟು ಹೊಳೆದಿರಲಿಲ್ಲ! ಆ ಅವಮಾನದಲ್ಲಿ ನಾನು ಸ್ಕ್ರೂಡ್ರೈವರ್ ತಗೊಂಡು, ಅವರು ಟೀ ಮಾಡಲು ಒಳಗೆ ಹೋದಾಗ, ಬೊಟ್ಟಿಲ್ಲದ ಬೇರೆ ಎರಡು ತಿರುಪುಗಳನ್ನು ಒಟ್ಟಿಗೇ ತಿರುಗಿಸಿದೆ. ಟೀ ಬರುವಷ್ಟರಲ್ಲಿ ಏಳೂ ಗೇರುಗಳು ಗೈರು. ಅತ್ತೆ ಟೀ ಲೋಟ ಕೆಳಗಿಟ್ಟು ನನ್ನ ಕಿವಿ ಹಿಡಿದರು. ನನಗೆ ನಲವತ್ತೆರಡು ವಯಸ್ಸು, ಸ್ವಾಮಿ!

ಗುರುವಾರವಿಡೀ ನನ್ನ ಪಾಂಡಿತ್ಯವನ್ನು ಸರಿಪಡಿಸುವುದರಲ್ಲೇ ಹೋಯಿತು. ತಂತಿ ಬಿಗಿದರೂ ಒಂದನೇ ಗೇರು ಮಾತ್ರ ಗೈರೇ. ಶುಕ್ರವಾರ ಅತ್ತೆ ಸೈಕಲ್ಲನ್ನು ಮುಟ್ಟಲೇ ಇಲ್ಲ. ಅದರ ಹಿಂದೆ ಮಣೆ ಹಾಕಿಕೊಂಡು ಕೂತು, ಅಡ್ಡದಾರಿ ಹಿಡಿದ ಹುಡುಗನನ್ನು ನೋಡುವಂತೆ ಸುಮ್ಮನೆ ನೋಡಿದರು. ಆಮೇಲೆ ಒಂದು ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟರು. ದಾರ ನೆಟ್ಟಗೆ, ಚೈನನ್ನು ಆಚೀಚೆ ಸರಿಸುವ ಪುಟ್ಟ ಯಂತ್ರ ಮಾತ್ರ ಚಕ್ರದ ಕಡೆಗೆ ವಾಲಿತ್ತು. ಬಲಮಗ್ಗುಲಿಗೆ ಬಿದ್ದಾಗ ಅದನ್ನು ಹಿಡಿದಿರುವ ಕೊಂಡಿ ಬಗ್ಗಿತ್ತು! "ನಾವು ಇಷ್ಟು ದಿನ ಹುಡುಗನ್ನ ಬೈದ್ವಿ. ಸೊಟ್ಟಗಿದ್ದಿದ್ದು ಬೆಂಚು," ಎಂದರು. ದೊಡ್ಡ ಸ್ಪ್ಯಾನರ್ ಸಿಕ್ಕಿಸಿ, ಬಳೆ ತೊಡಿಸುವವರ ನಾಜೂಕಿನಲ್ಲಿ ಸ್ವಲ್ಪ ಸ್ವಲ್ಪವೇ ನೇರ ಮಾಡಿದರು. ಪೆಡಲ್ ತಿರುಗಿಸಿದರು. ಟಕ್, ಟಕ್, ಟಕ್. ಒಂದನೇ ಗೇರು ಹಾಜರ್!

ಭಾನುವಾರ ನಾನು ಗೇರಿಲ್ಲದ ಬಾಡಿಗೆ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಹಿಂದೆ, ಅತ್ತೆ ಮುಂದೆ. ಸೂಳೆಕೆರೆಯ ಏರಿಗೆ ಹತ್ತುವ ರಸ್ತೆ ಬಂತು. ಅರ್ಧ ಹತ್ತಿದರು. ಗೇರು ಬದಲಾಯಿಸಿದರು. ಚೈನು ಕಡಕ್ ಎಂದು ಕಳಚಿತು!

ಬೀಳಲಿಲ್ಲ, ಕಾಲೂರಿದರು. ತೀರ್ಪಿನ ಪ್ರಕಾರ ಸೈಕಲ್ ಗುಜರಿಗೆ.

"ಗೇರಿಂದು ತಪ್ಪಲ್ಲ, ನಂದು. ಏರು ಬರಾಕ್ ಮೊದ್ಲೇ ಹಾಕ್ಬೇಕಿತ್ತು. ಭಾರ ಬಿದ್ದ ಮ್ಯಾಲೆ ಹಾಕಿದ್ರೆ ಅದಾದ್ರೂ ಏನು ಮಾಡ್ತೈತೆ?" ಎನ್ನುತ್ತ ಅತ್ತೆ ಬರಿಗೈಯಲ್ಲಿ ಚೈನು ಸೇರಿಸಿದರು. ಸೈಕಲ್ ತಿರುಗಿಸಿ ಮತ್ತೆ ಬುಡಕ್ಕೇ ಇಳಿದರು! ಒಂದನೇ ಗೇರಿಗೆ ಹಾಕಿ, ಚಕ್ಕಡಿಯಷ್ಟು ನಿಧಾನವಾಗಿ, ಒಂದೇ ಸಮನೆ ತುಳಿದು ಮೇಲೆ ಮುಟ್ಟಿದರು. ನಾನು ಸೈಕಲ್ ತಳ್ಳಿಕೊಂಡು ಬಹಳ ಹೊತ್ತಾದ ಮೇಲೆ ಸೇರಿಕೊಂಡೆ.

"ಅರ್ಧದಿಂದ ತಳ್ಕೊಂಡು ಬಂದಿದ್ರೆ ಆಗ್ತಿರ್ಲಿಲ್ವಾ ಅತ್ತೆ?"

"ನಿಮ್ಮ ಮಾವ ನನ್ನ ಕ್ಯಾರಿಯರ್ ಮ್ಯಾಲೆ ಕೂರಿಸ್ಕೊಂಡು ಇಲ್ಲಿಗೆ ಬರೋರು. ಒಳ್ಳೇ ಮನುಷ್ಯ. ಏರು ಬಂತು ಅಂದ್ರೆ 'ಇಳಿಯೇ' ಅನ್ನೋರು. ಇಳೀತಿದ್ದೆ. ಈ ಏರು ಎಷ್ಟು ಸಲ ಹತ್ತೀನೋ ಲೆಕ್ಕ ಇಲ್ಲ. ಕೂತು ಹತ್ತಿದ್ದು ಇವತ್ತೇ ಕಣೋ."

ಅತ್ತೆ, ಮಾವ ಸೈಕಲ್ಲಿನಲ್ಲಿ ಬರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಆ ನೆನಪಿನಲ್ಲಿ ಅತ್ತೆ ಯಾವಾಗಲೂ ಹಿಂದೆ ಕೂತೇ ಇದ್ದಾರೆ, ಒಂದು ಕೈಯಲ್ಲಿ ಸೀಟಿನ ಸ್ಪ್ರಿಂಗ್ ಹಿಡಿದು. ಅದರಲ್ಲಿ ಒಂದು ಏರೂ ಇಲ್ಲ. ನಡೆಯುತ್ತಿದ್ದ ಅತ್ತೆಯನ್ನು ನಾನು ಎಲ್ಲಿ ಬಿಟ್ಟುಬಂದೆ?

ಅಷ್ಟರಲ್ಲಿ ಮಗನ ಫೋನು. "ಚೈನ್ ಬಿತ್ತೇನೋ?" ನಾನು ತಡವರಿಸುತ್ತಿರುವಾಗ ಅತ್ತೆ ಫೋನು ಕಿತ್ತುಕೊಂಡು ಸ್ಪೀಕರ್ ಹಾಕಿದರು. "ಬಿತ್ತು. ಹಾಕ್ಕೊಂಡು ಮತ್ತೆ ಬುಡದಿಂದ ಹತ್ತಿದೆ. ಏನೀಗ?"

ಆ ಕಡೆಯಿಂದ ಮಗನ ದನಿ ಮೆಲ್ಲಗೆ ಬಂತು: "ಆ ಏರಲ್ಲಿ ಅಪ್ಪನ ಸೈಕಲ್ ಬಾರ್ ಮ್ಯಾಲೆ ಕೂತು ನಾನು ಹಿಂದಕ್ಕೆ ತಿರುಗಿ ತಿರುಗಿ ನೋಡ್ತಿದ್ದೆ ಅವ್ವಾ. ನೀನು ಭಾಳ ಸಣ್ಣಗೆ ಕಾಣ್ತಿದ್ದೆ... ಸೈಕಲ್ಲಿಗೆ ಕ್ಯಾರಿಯರ್ ಹಾಕಿಸು. ಬರೋ ವಾರ ನಾನೂ ಬರ್ತೀನಿ. ಏರು ಬಂದ್ರೆ ನಾನು ಇಳೀತೀನಿ."

"ನಿನ್ನ ತೂಕಕ್ಕೆ ನನ್ನ ಒಂದನೇ ಗೇರು ಸಾಲಲ್ಲ, ಹೋಗೋ!" ಎಂದು ಅತ್ತೆ ಫೋನು ನನ್ನ ಕೈಗೆ ತುರುಕಿ, ಕೆರೆಯ ಕಡೆ ಮುಖ ಮಾಡಿ ನಿಂತರು. ತಿರುಗಿದಾಗ ಅವರ ಎರಡೂ ಕಣ್ಣುಗಳ ಕೆಳಗೆ ಚೈನಿನ ಕಪ್ಪು ಹತ್ತಿತ್ತು.