ಸೀಬೆಮರಕ್ಕೆ ಜಾಮೀನು

ನಮ್ಮ ಸೋದರಮಾವನಿಗೆ ಹೆದರದ ಗಿಡ ಇಡೀ ಮೈಸೂರಿನಲ್ಲೇ ಇರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ. ಕೆಸರೆಯ ಅವರ ಹಿತ್ತಲಲ್ಲಿ ಒಂದು ಸಂಜೆ ನಿಂತಿದ್ದರೆ ಹೆದರಿ ನೀವೂ ಚಿಗುರಿಬಿಡುತ್ತಿದ್ದಿರಿ!

ಮಾವ ಗಿರಣಿ ಕೆಲಸದವರು. ಪಾಳಿ ಮುಗಿಸಿ ಬಂದವರು ಅತ್ತೆಯನ್ನು ಮಾತಾಡಿಸುವ ಮೊದಲು ಹಿತ್ತಲಿಗೆ ಹೋಗಿ ಹಾಜರಿ ತೆಗೆದುಕೊಳ್ಳುತ್ತಿದ್ದರು. "ಏನಮ್ಮ ಬದನೆ, ಮೂರು ದಿನದಿಂದ ಒಂದೇ ಹೂವು? ಗೊಬ್ಬರ ತಿನ್ನೋವಾಗ ಮಾತ್ರ ಹುಷಾರು!"

ಅತ್ತೆ ಒಳಗಿಂದಲೇ, "ನನಗೂ ಎರಡು ಬೈಗುಳ ಉಳಿಸಿ ಕಣ್ರೀ, ನಾನೂ ಈ ಮನೇಲೇ ಇದೀನಿ" ಎನ್ನುತ್ತಿದ್ದರು.

ಕಾಯಿ ಬಿಡದ ಗಿಡಕ್ಕೆ ನಮ್ಮೂರ ಕಡೆ ಒಂದು ಪದ್ಧತಿಯುಂಟು. ಒಬ್ಬರು ಮಚ್ಚು ಹಿಡಿದು "ಕಡಿದುಹಾಕ್ತೀನಿ" ಎಂದು ಗದರಬೇಕು. ಇನ್ನೊಬ್ಬರು ಅಡ್ಡ ಬಂದು "ಬೇಡಿ, ಬರೋ ವರ್ಷ ಬಿಡ್ತದೆ, ಅದಕ್ಕೆ ನಾನು ಜಾಮೀನು" ಎಂದು ಬೇಡಿಕೊಳ್ಳಬೇಕು. ಮಾವ ಊರು ಬಿಟ್ಟರೂ ಇದನ್ನು ಬಿಡಲಿಲ್ಲ. ಮಚ್ಚು ಅವರದು; ಜಾಮೀನು, ಓದಲೆಂದು ಅವರ ಮನೆ ಸೇರಿದ್ದ ನನ್ನದು. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ನಾನು. ವರ್ಷಕ್ಕೊಂದು ಮೂಟೆ ರಾಗಿ ಅಪ್ಪ ಊರಿಂದ ಹೊತ್ತು ತಂದು ಹಾಕುತ್ತಿದ್ದರು. ಅದೇ ನನ್ನ ಊಟದ ಪಾಲು. ಆ ರಾಗಿ ತಿಂದು ಹಗಲು ಸಸ್ಯಶಾಸ್ತ್ರ ಓದುವುದು, ಸಂಜೆ ಕುಂಬಳಬಳ್ಳಿಗೆ ಜಾಮೀನು ನಿಲ್ಲುವುದು!

ಬಿ.ಎಸ್ಸಿ. ಬಂದದ್ದು ಎರಡನೇ ಸಲಕ್ಕೆ. ಹೇಳಲು ನನಗೇನೂ ನಾಚಿಕೆಯಿಲ್ಲ. ಮೊದಲ ಸಲ ಫೇಲಾದಾಗ ಅಪ್ಪ ಬಂದು, ಹೆಗಲ ಮೂಟೆ ಇಳಿಸಿ, ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲೇ ಗುಡುಗಿದ್ದರು: "ಕಟ್ಟೋ ಗಂಟು! ಓದಿದ್ದು ಸಾಕು, ಬಂದು ನೇಗಿಲು ಹಿಡಿ." ಮಾವ ಏನೇನೋ ಸಮಾಧಾನ ಹೇಳಿ ಅವರನ್ನು ವಾಪಸು ಕಳಿಸಿದರು. ನಾನು ಮತ್ತೆ ಪುಸ್ತಕ ಹಿಡಿದೆ.

ಡಿಗ್ರಿ ಬಂದ ಮರುವರ್ಷ, ಯುಗಾದಿ ಕಳೆದ ವಾರ, ಮಟಮಟ ಮಧ್ಯಾಹ್ನ ಆಲಿಕಲ್ಲು ಮಳೆ ಹೊಡೆಯಿತು. ಮಳೆಯೇ ಅದು? ಮೇಲಿಂದ ಯಾರೋ ಗಾಡಿಗಟ್ಟಲೆ ಜಲ್ಲಿ ಸುರಿದ ಹಾಗಿತ್ತು! ಮಾವ ಅತ್ತೆಯ ಹಿತ್ತಾಳೆ ಕೊಳದಪ್ಪಲೆಯನ್ನು ಬೋರಲು ಹಿಡಿದು ಓಡಿ, ಗುಲಾಬಿ ಗಿಡಕ್ಕೂ ತಮ್ಮ ತಲೆಗೂ ಸೇರಿಸಿ ಅದನ್ನೇ ಕೊಡೆ ಮಾಡಿ ಕೂತರು. ಅದರ ಮೇಲೆ ಆಲಿಕಲ್ಲು ಬಡಿದ ಸದ್ದಿಗೆ ಪಕ್ಕದ ಮನೆಯ ಮೇಷ್ಟ್ರು ಗೋಡೆಯಾಚೆಯಿಂದ, "ಯಾರ ಮನೆ ಮದುವೇನಪ್ಪ?" ಎಂದು ಕೂಗಿದರು. ಗುಲಾಬಿ ಉಳಿಯಿತು, ಕೊಳದಪ್ಪಲೆ ನೆಗ್ಗಿತು, ಅತ್ತೆ ಮಾವನ ಜೊತೆ ಮಾತು ಬಿಟ್ಟರು.

ಆದರೆ ಸೀಬೆಮರವನ್ನು ಯಾವ ಪಾತ್ರೆಯಲ್ಲಿ ಮುಚ್ಚುವುದು? ನಾನು ಓದಲು ಬಂದ ವರ್ಷ ಮಾವ ನೆಟ್ಟ ಮರ. ಒಂದೆಲೆ ಉಳಿಯಲಿಲ್ಲ. ಹದಿನೈದು ದಿನ ಕಳೆದರೂ ಬೋಳು ಬೋಳು.

"ಡಿಗ್ರಿ ಮಾಡಿದೋನು ನೀನು. ನೋಡು ಮಗ, ಐತೋ ಹೋಯ್ತೋ?"

ನಾನು ಗಂಭೀರವಾಗಿ ಕನ್ನಡಕ ಸರಿಮಾಡಿಕೊಂಡು, ಕೈಗೆಟುಕಿದ ಕೊಂಬೆಯ ತುದಿಯನ್ನು ಉಗುರಿಂದ ಕೆರೆದೆ. ಒಳಗೆಲ್ಲ ಒಣಗಿ ಕಂದು. "ಸತ್ತಿದೆ ಮಾವ. ಕಿತ್ತು ಬೇರೆ ಹಾಕೋಣ."

ಇಷ್ಟು ವರ್ಷ ಓದಿ ನಾನು ಕೊಟ್ಟ ಮೊದಲ ತೀರ್ಪು! ಆ ಸಂಜೆ ಮಾವ ಹಾಜರಿ ತೆಗೆದುಕೊಳ್ಳಲಿಲ್ಲ. ತಟ್ಟೆಯಲ್ಲಿ ಮುದ್ದೆ ಆರಿ ಕಲ್ಲಾಯಿತು. ಕೊನೆಗೆ ಅತ್ತೆಯೇ ಮಾತಾಡಿದರು: "ಹೋಗಿ ಯಾವ ಗಿಡಾನಾದ್ರೂ ಬಯ್ದು ಬನ್ನಿ ಕಣ್ರೀ. ಮನೆ ಬಿಕೋ ಅಂತದೆ."

ಬೆಳಗ್ಗೆ ಎದ್ದು ನೋಡಿದರೆ ಮಾವ ಮಚ್ಚು ಮಸೆಯುತ್ತಿದ್ದಾರೆ.

"ಬಾ, ಜಾಮೀನಿಗೆ ನಿಂತ್ಕೋ."

"ಸತ್ತ ಮರಕ್ಕೆ ಜಾಮೀನೇ ಮಾವ?"

"ಸತ್ತೋಯ್ತು ಅಂತ ನೀನು ಹೇಳ್ದೆ. ಮರ ಇನ್ನೂ ಹೇಳಿಲ್ಲ."

ಮಚ್ಚು ಎತ್ತಿ ಗದರಿದರು: "ಒಂದು ತಿಂಗಳು ಗಡುವು! ಚಿಗುರದಿದ್ರೆ ಸೌದೆ ಮಾಡಿಬುಡ್ತೀನಿ!" ನಾನು ಗೊಣಗಿದಂತೆ ಬೇಡಿಕೊಂಡೆ. "ಗಟ್ಟಿಯಾಗಿ ಹೇಳೋ! ಇಂಗ್ಲೀಷಲ್ಲೂ ಒಂದು ಮಾತು ಹಾಕು, ಓದಿದೋರ ಜಾಮೀನಿಗೆ ತೂಕ ಜಾಸ್ತಿ." ಕಣ್ಣು ಮುಚ್ಚಿ ಕೂಗಿದೆ: "ಪ್ಲೀಸ್ ಸರ್! ಒನ್ ಚಾನ್ಸ್ ಸರ್!" ಗೋಡೆಯಾಚೆ ಮೇಷ್ಟ್ರು, "ಕೆಲಸಕ್ಕೆ ಅರ್ಜೀನೇನಪ್ಪ?" ಎಂದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು!

ಮೂರು ವಾರ ಕಳೆದಿರಬೇಕು. ಹಿತ್ತಲಿಗೆ ಪಾತ್ರೆ ತೊಳೆಯಲು ಹೋದ ಅತ್ತೆ ಕೂಗಿಕೊಂಡರು. ಓಡಿದೆವು. ಕಾಂಡದ ಮೇಲೆ, ಮೊಣಕಾಲೆತ್ತರದಲ್ಲಿ, ಎರಡು ಪುಟ್ಟ ಎಲೆ! ಪಕ್ಕದಲ್ಲೇ ಕೆರೆದು ನೋಡಿದೆ: ಹಸಿರೋ ಹಸಿರು. ತುದಿ ಕೆರೆದು, ಬುಡ ನೋಡದೆ ಮರವನ್ನು ಸಾಯಿಸಿದ ಪಂಡಿತ ನಾನು! ಹೋದ ಜೀವ ಬಂದಂತಾಯಿತು.

ಮಾವ ಮಾತ್ರ ಬೈಯಲು ಶುರು ಮಾಡಿದರು: "ಇಷ್ಟು ದಿನ ಏನ್ ಮಾಡ್ತಿದ್ದೆ ಒಳಗೆ? ನಿದ್ದೇನಾ?" ಆ ಬೈಗುಳ ಕಿವಿಗೆ ಬಿದ್ದದ್ದೇ ಅತ್ತೆ ನಗುತ್ತ ಹೋಗಿ ಮುದ್ದೆಗೆ ಎಸರಿಟ್ಟರು.

"ಅಲ್ಲ ಮಾವ, ಕಡಿಯೋದೇ ಸುಳ್ಳು. ಮರ ಯಾಕೆ ಹೆದರ್ತದೆ?"

"ಸುಳ್ಳು ಅಂತ ಮರಕ್ಕೆ ಗೊತ್ತಿರಲ್ಲ ಕಣೋ. ನೀನು ಫೇಲಾದಾಗ ನಿಮ್ಮಪ್ಪ ಬಂದು ಗುಡುಗಿದ್ರಲ್ಲ, ನಿನಗೆ ಗೊತ್ತಾಯ್ತಾ?"

ನಾನು ಅವರ ಮುಖವನ್ನೇ ನೋಡಿದೆ. "ಅವತ್ತು ಅಪ್ಪ ನನ್ನನ್ನ ಕರ್ಕೊಂಡು ಹೋಗೋಕೇ ಬಂದಿದ್ದಲ್ವಾ?"

ಮಾವ ಬೆರಳ ತುದಿಯಿಂದ ಚಿಗುರನ್ನು ಮುಟ್ಟಿಯೂ ಮುಟ್ಟದಂತೆ ಸವರಿದರು.

"ಮಗನ್ನ ಕರ್ಕೊಂಡು ಹೋಗೋಕೆ ಬಂದೋರು, ಅವನ ವರ್ಷದ ರಾಗಿ ಮೂಟೆ ಹೊತ್ಕೊಂಡು ಬತ್ತಾರೇನೋ?"