ಬಾತುಕೋಳಿಗೆ ಅಪಾಯವಿಲ್ಲದ ಗುಂಡು

ಕೆಲಸದ ವೇಳೆಯಲ್ಲಿ ನಗಬಾರದು ಎಂದು ನಮ್ಮ ಮಾಲೀಕರು ಒಂದು ಬೋರ್ಡು ಬರೆಸಿದ್ದರು. ಅದನ್ನು ಗೋಡೆಗೆ ತಲೆಕೆಳಗಾಗಿ ಹೊಡೆದಿರುವುದನ್ನು ಮೊದಲು ಕಂಡು ನಕ್ಕವರೂ ಅವರೇ. ಹೈದರಾಬಾದಿನ ಬಾಲಾನಗರದ ಆ ತಗಡಿನ ಶೆಡ್ಡಿನಲ್ಲಿ ನಾನು ಹನ್ನೊಂದು ವರ್ಷ ಸೂಪರ್‌ವೈಸರ್ ಆಗಿದ್ದೆ. ನಗದೆ ಮನೆಗೆ ಹೋದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು.

ನಾವು ಮಾಡುತ್ತಿದ್ದದ್ದು ಛರ್ರಾ, ಅಂದರೆ ಬಂದೂಕಿನ ತೋಟೆಯೊಳಗೆ ತುಂಬುವ ಸಣ್ಣ ಸಣ್ಣ ಗುಂಡು. ಬೂಂದಿ ಕರಿದ ಹಾಗೇ. ಕರಗಿದ ಸೀಸವನ್ನು ತೂತಿನ ತಟ್ಟೆಗೆ ಸುರಿದರೆ ಹನಿ ಹನಿಯಾಗಿ ನೀರಿಗೆ ಬಿದ್ದು ಗುಂಡಗಾಗುತ್ತದೆ. ಸುರಿಯುವವನು ಯಾದಗಿರಿ ಕಡೆಯ ಮಿಸ್ತ್ರಿ. ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಬೇಗಂ ಬಜಾರಿನ ಒಬ್ಬ ಉಸ್ತಾದರ ಹತ್ತಿರ ಸೀಸ ಕರಗಿಸುವುದನ್ನು ಕಲಿತು, ಮೂವತ್ತು ವರ್ಷದಿಂದ ಕುಲುಮೆಯ ಮುಂದೆಯೇ ಇದ್ದ. ನಮಗೆಲ್ಲ ಅವನು ಕಾಕಾ.

೧. ಹೊಸ ಆರ್ಡರು

ಹೈಟೆಕ್ ಸಿಟಿ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನಮ್ಮ ಶೆಡ್ಡಿನ ಜಾಗಕ್ಕೂ ಒಬ್ಬ ಬಿಲ್ಡರ್ ವಾರಕ್ಕೊಮ್ಮೆ ಬಂದು ಚಹಾ ಕುಡಿದು ಹೋಗುತ್ತಿದ್ದ. ಸೀಸದ ಛರ್ರಾಕ್ಕೆ ಗಿರಾಕಿಗಳೂ ಕಡಿಮೆಯಾಗಿದ್ದರು. ಅಷ್ಟರಲ್ಲಿ ಹೊರದೇಶದ ಒಂದು ಕಂಪನಿ, ಸೀಸವಿಲ್ಲದ ಛರ್ರಾ ಮಾಡಿಕೊಡುತ್ತೀರಾ ಎಂದು ಕೇಳಿತು. ಮೂರು ಸಲ ಸ್ಯಾಂಪಲ್ ಕಳಿಸಬಹುದು. ಮೂರರಲ್ಲೂ ಸೀಸ ಸಿಕ್ಕರೆ ಆರ್ಡರು ಹೋಯಿತು, ಕುಲುಮೆ ಆರಿತು, ಜಾಗ ಬಿಲ್ಡರಿಗೆ.

ಮಾಲೀಕರೂ ಕಲಬುರ್ಗಿ ಮೂಲದವರೇ. ಕಾಕಾನನ್ನು ಕೂರಿಸಿಕೊಂಡು ವಿವರಿಸಿದರು: “ಬ್ಯಾಟಿ ಆಡುವಾಗ ಗುಂಡು ಕೆರ್‍ಯಾಗ ಬೀಳ್ತಾವ. ಬಾತುಕೋಳಿ ಅವನ್ನ ಹಳ್ಳು, ಸಣ್ಣ ಕಲ್ಲು ಅಂತ ನುಂಗ್ತಾವ. ಸೀಸ ಮೈಗೆ ಹತ್ತಿ ಸಾಯ್ತಾವ. ಅದಕ್ಕ ಬಿಸ್ಮತ್ ಅನ್ನೂ ಲೋಹ ಮತ್ತ ತವರ ಕೂಡಿಸಿ ಮಾಡ್ರಿ ಅಂದಾರ.”

ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದ. “ಹಕ್ಕಿಗೆ ಬಡದ ಗುಂಡು ಹಕ್ಕಿ ಮೈಯಾಗ ಇರತೈತಿ. ಕೆರ್‍ಯಾಗ ಬೀಳೂದು ಗುರಿ ತಪ್ಪಿದ್ದು. ಅಂದ್ರ ಇದು ಗುರಿ ತಪ್ಪವರ ಸಲುವಾಗಿ ಮಾಡೋ ಗುಂಡು, ಹೌದಲ್ರಿ?”

“ಹೌದಪಾ.”

“ಹಂಗಾರ ಚಿಂತಿ ಬಿಡ್ರಿ. ಗುಂಡು ಭಾಳ ಖರ್ಚಾಗ್ತಾವ.”

೨. ಇಳಿಜಾರಿನ ಗಾಜು

ಛರ್ರಾ ಪೂರ್ತಿ ದುಂಡಗಿರಬೇಕು. ಅದನ್ನು ಆರಿಸಲು ನಮ್ಮಲ್ಲಿ ಇದ್ದದ್ದು ಇಳಿಜಾರಾಗಿ ಇಟ್ಟ ಒಂದು ಗಾಜು, ಅದರ ತುದಿಗೆ ಸ್ವಲ್ಪ ಸಂದು, ಆಚೆ ಒಂದು ಡಬ್ಬಿ. ದುಂಡಗಿದ್ದದ್ದು ಓಡಿ ಬಂದು ಸಂದು ಹಾರಿ ಡಬ್ಬಿಗೆ ಬೀಳುತ್ತದೆ. ಸೊಟ್ಟಗಿದ್ದದ್ದು ತಡವರಿಸಿ ಸಂದಿನಲ್ಲಿ ಬೀಳುತ್ತದೆ.

ಈ ಕೆಲಸಕ್ಕೆ ಕಂಪ್ಯೂಟರ್ ಹಾಕಿಸಿ ಎನ್ನಲು ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಬಂದ. ಟೈ ಕಟ್ಟಿದ್ದ, ಕಣ್ಣ ಕೆಳಗೆ ಕಪ್ಪಾಗಿತ್ತು. ಅವನದು ತೆಲುಗು, ಕಾಕಾನದು ಕನ್ನಡ, ನಡುವೆ ನಾನು. ಗುಂಡುಗಳು ಓಡುವುದನ್ನು, ಹಾರುವುದನ್ನು, ಬೀಳುವುದನ್ನು ಅವನು ಅರ್ಧ ಗಂಟೆ ನೋಡಿದ. ಆಮೇಲೆ ಮೆತ್ತಗೆ, ಬಿದ್ದವುಗಳನ್ನು ಏನು ಮಾಡುತ್ತೀರಿ ಎಂದ.

“ಏನ್ ಮಾಡೂದೈತ್ರಿ? ಮತ್ತ ಕರಗಿಸಿ ಇನ್ನೊಂದ ಸಲ ಬಿಡ್ತೀವಿ,” ಎಂದ ಕಾಕಾ.

ನಾನು ತೆಲುಗಿನಲ್ಲಿ ಹೇಳಿದೆ. ಅವನು ತಾನು ತಂದ ಕಾಗದಗಳನ್ನೆಲ್ಲ ಬ್ಯಾಗಿಗೆ ಹಾಕಿಕೊಂಡು, ಬಿದ್ದವರಿಗೆ ಇನ್ನೊಂದು ಸಲವೇ ಇಲ್ಲದ ತಮ್ಮ ಆಫೀಸಿಗಿಂತ ಇದೇ ವಾಸಿ, ಇಲ್ಲಿ ಕೆಲಸ ಖಾಲಿ ಇದೆಯೇ ಎಂದು ಕೇಳಿದ.

೩. ಹೆಪ್ಪು

ಮೊದಲ ಸ್ಯಾಂಪಲ್ ವಾಪಸಾಯಿತು. ಸೀಸ ಇದೆ. ಪಾತ್ರೆ ಬದಲಿಸಿದೆವು, ಸೌಟು ಬದಲಿಸಿದೆವು, ಗೋಡೆಗೆ ಸುಣ್ಣ ಹೊಡೆಸಿದೆವು. ಎರಡನೆಯದೂ ವಾಪಸು. ಮಾಲೀಕರು ತವರ ಕೊಟ್ಟ ಸೇಠನನ್ನು ಬೈದರು, ನನ್ನನ್ನು ಬೈದರು. ನಾನು ಬೈಯಲು ಯಾರೂ ಉಳಿಯದೆ ಗಾಳಿಯ ಮೇಲೆ ಅನುಮಾನಪಟ್ಟೆ.

ಇನ್ನು ಉಳಿದದ್ದು ಒಂದೇ ಸಲ. ಕಾಕಾ ಊಟ ಬಿಟ್ಟಿದ್ದ. “ಈ ಕೈಗೆ ಬ್ಯಾರೆ ಏನೂ ಬರೂದಿಲ್ರಿ ಸಾಹೇಬ್ರ,” ಎಂದ. ಮರುದಿನ ಬೆಳಿಗ್ಗೆ ನಾನೇ ಕುಲುಮೆಯ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ.

ಲೋಹ ಕರಗಿತು. ಕಾಕಾ ಸೊಂಟದಿಂದ ಒಂದು ಗಂಟು ಬಿಚ್ಚಿ, ಒಳಗಿನ ಕರಿಗಟ್ಟಿಯಿಂದ ಚಾಕುವಿನಲ್ಲಿ ಜೋಳದ ಕಾಳಿನಷ್ಟು ಕೆತ್ತಿದ. ಕಣ್ಣಿಗೊತ್ತಿಕೊಂಡು ಪಾತ್ರೆಗೆ ಹಾಕಿದ.

“ಕಾಕಾ! ಏನದು?”

“ಹೆಪ್ಪು. ನಮ್ಮ ಉಸ್ತಾದ್ರು ಕೊಟ್ಟಿದ್ದು. ಮೂವತ್ತು ವರ್ಷ ಇದನ್ನ ಹಾಕದ ಪಾತ್ರಿ ಸುರುವಿಲ್ಲ.”

“ಅದು ಸೀಸ ಅಲ್ಲೇನೋ ಮಾರಾಯ?”

ಕಾಕಾನಿಗೆ ನಿಜವಾಗಿಯೂ ಬೇಜಾರಾಯಿತು. “ಸೀಸ ಹ್ಯಾಂಗ ಆಗತೈತ್ರಿ? ಹಾಲಿಗೆ ಒಂದ ಚಮಚ ಮಜ್ಜಿಗಿ ಹಾಕಿದ್ರ ಅದನ್ನ ಮಜ್ಜಿಗಿ ಅಂತಾರೋ, ಹೆಪ್ಪು ಅಂತಾರೋ?”

ನಾನು ಮಾಲೀಕರನ್ನು ಕರೆದೆ. ಕಾಕಾ ಅವರನ್ನೂ ಅದೇ ಕೇಳಿದ.

೪. ಪಾಸು, ಫೇಲು

ಆ ಗಂಟನ್ನು ಕಾಕಾ ಮಾಲೀಕರ ಕೈಗೆ ಕೊಟ್ಟ. ಕೊಡುವ ಮೊದಲು ಇನ್ನೊಮ್ಮೆ ಕಣ್ಣಿಗೊತ್ತಿಕೊಂಡ. ಮತ್ತೆ ಹೊಸ ಪಾತ್ರೆ, ಹೊಸ ಲೋಹ, ಮೊದಲ ಸಲ ಹೆಪ್ಪಿಲ್ಲದೆ. ಸುರಿಯುವ ಮೊದಲು “ಉಸ್ತಾದ್, ಮಾಫ್ ಕರೋ” ಎಂದು ಗೋಡೆಯ ಕಡೆ ತಿರುಗಿ ಹೇಳಿದ. ಗೋಡೆಯ ಮೇಲೆ ಇದ್ದದ್ದು ಆ ತಲೆಕೆಳಗಾದ ಬೋರ್ಡು. ಅವತ್ತು ಯಾರೂ ನಗಲಿಲ್ಲ.

ಮೂರನೆಯ ಸ್ಯಾಂಪಲ್ ಪಾಸಾಯಿತು. ಮಾಲೀಕರು ಪೇಡೆ ಹಂಚಿದರು. ಆದರೆ ಆರ್ಡರಿನ ಜೊತೆ ಇನ್ನೊಂದು ಷರತ್ತು ಬಂದಿತ್ತು: ಕೆಲಸಗಾರರ ರಕ್ತ ಪರೀಕ್ಷೆ ಮಾಡಿಸಬೇಕು. ಮಾಡಿಸಿದೆವು. ಎಲ್ಲರದೂ ಹೆಚ್ಚುಕಡಿಮೆ ಸರಿ ಇತ್ತು. ಕಾಕಾನ ರಕ್ತದಲ್ಲಿ ಮಾತ್ರ ಸೀಸ ಮಿತಿಮೀರಿ ಇತ್ತು. ಔಷಧಿ ಕೊಡುತ್ತೇನೆ, ಸೀಸ ಮುಟ್ಟದಿದ್ದರೆ ನಿಧಾನವಾಗಿ ಇಳಿಯುತ್ತದೆ ಎಂದರು ಡಾಕ್ಟರು.

ನನಗೆ ನಾಚಿಕೆಯಾಯಿತು. ಕಾಣದ ದೇಶದ ಬಾತುಕೋಳಿಗಾಗಿ ಸುಣ್ಣ ಹೊಡೆಸಿದೆವು, ಪಾತ್ರೆ ಎಸೆದೆವು. ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವನ ಮೈ ಹೇಗಿದೆ ಎಂದು ಒಬ್ಬರೂ ಕೇಳಿರಲಿಲ್ಲ. ರಿಪೋರ್ಟು ಹಿಡಿದು ಮಾಲೀಕರು ತಲೆ ತಗ್ಗಿಸಿ ನಿಂತಿದ್ದರು. ನಾನೂ ನಿಂತಿದ್ದೆ.

ಕಾಕಾ ನಮ್ಮಿಬ್ಬರ ಮುಖ ನೋಡಿದ. ಕೈಯಲ್ಲಿದ್ದ ಪೇಡೆ ಬಾಯಿಗೆ ಹಾಕಿಕೊಂಡ.

“ಯಾಕ ಮಾರಿ ಸಣ್ಣ ಮಾಡ್ತೀರ್ರಿ? ಗುಂಡು ಪಾಸಾತು, ನಾ ಫೇಲಾದೆ. ಆ ದೇಶಕ್ಕ ಹೋಗೂದು ಗುಂಡು, ನಾನಲ್ಲ. ಆದ್ರ ಆ ಕಂಪನಿಯವರಿಗೆ ಒಂದ ಮಾತು ಬರದು ಕಳಸ್ರಿ: ನಾ ಕೆರಿ ದಂಡಿಗೆ ಕುಂತಾಗ ಅವರ ಬಾತುಕೋಳಿ ಬಂದು ನನ್ನ ನುಂಗಿ ಸತ್ರ, ಜಿಮ್ಮೇದಾರಿ ನಂದಲ್ಲ.”